ರಾತ್ರಿ ಮನನಕ್ಕೆ ಕೂತರೆ ವಿಚಾರಣೆ ಶುರುವಾಗುತ್ತದೆ. ಹಗಲಲ್ಲಿ, ಕೆಲಸದ ನಡುವೆ ಮಾಡೋದು ಹೇಗೆ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತದ ಟ್ಯೂಬುಗಳು ಬರುತ್ತವೆ. ಲೇಬಲ್ ಸರಿ ಇದೆಯಾ ನೋಡಬೇಕು, ಮೆಷಿನ್‌ಗೆ ಹಾಕಬೇಕು, ರಿಪೋರ್ಟ್ ಕಳಿಸಬೇಕು. ಪಾಳಿ ವಾರವಾರಕ್ಕೂ ಬದಲಾಗುತ್ತದೆ. ಹಾಗಾಗಿ 'ಬೆಳಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಕೂರಿ' ಅನ್ನುವ ಸಲಹೆ ನನಗೆ ಹೊಂದುವುದಿಲ್ಲ. ಕೆಲವು ವಾರ ನನಗೆ ಬೆಳಗಿನ ಐದು ಗಂಟೆ ಅಂದರೆ ಅತಿ ಗಡಿಬಿಡಿಯ ಹೊತ್ತು. ವಾರ್ಡುಗಳಿಂದ ಸ್ಯಾಂಪಲ್ ಎಲ್ಲಾ ಒಟ್ಟಿಗೆ ಬಂದು ಬೀಳುವುದು ಆಗಲೇ.

ಕೆಲವು ತಿಂಗಳಿಂದ ಮಲಗುವ ಮುಂಚೆ ಒಂದು ನೋಟ್‌ಬುಕ್ ಹಿಡಿದು ಕೂರುತ್ತಿದ್ದೇನೆ. ಇಡೀ ದಿನ ಹೇಗೆ ನಡೆದುಕೊಂಡೆ ಅಂತ ಹಿಂದಕ್ಕೆ ನೋಡುವುದು. ಒಳಗೆ ಸ್ವಲ್ಪ ಬೆಳಕು ಬೀಳಲಿ, ದೇವರ ಕಡೆಗೂ ಮನಸ್ಸು ತಿರುಗಲಿ ಅಂತ ಶುರು ಮಾಡಿದ್ದು. ಆಗುತ್ತಿರುವುದು ಮಾತ್ರ ಕೋರ್ಟು ಕಲಾಪ. ವಕೀಲನೂ ನಾನೇ, ಆರೋಪಿಯೂ ನಾನೇ, ಜಡ್ಜೂ ನಾನೇ. ಹೊಸದಾಗಿ ಸೇರಿದ ಹುಡುಗನ ಜೊತೆ ಬಿರುಸಾಗಿ ಯಾಕೆ ಮಾತಾಡಿದೆ? ಅಮ್ಮ ಫೋನ್ ಮಾಡಿದಾಗ ಅರ್ಧ ಕಿವಿಯಲ್ಲಿ ಯಾಕೆ ಕೇಳಿಸಿಕೊಂಡೆ? ಪ್ರಶ್ನೆ ಯಾವುದೇ ಇರಲಿ, ತೀರ್ಪು ಒಂದೇ. ನೀನು ಸರಿಯಿಲ್ಲ. ಆಮೇಲೆ ನಿದ್ದೆಯೂ ಬರುವುದಿಲ್ಲ.

ಹಗಲಲ್ಲಿ ಕೆಲಸದ ನಡುವೆ ಮಾಡಿದರೆ ಹೇಗೆ ಅಂತ ಈಗ ಯೋಚನೆ. ನಮ್ಮ ಸೆಂಟ್ರಿಫ್ಯೂಜ್, ಅಂದರೆ ರಕ್ತದ ಟ್ಯೂಬುಗಳನ್ನು ಜೋರಾಗಿ ತಿರುಗಿಸುವ ಮೆಷಿನ್, ಒಮ್ಮೆ ಹಾಕಿದರೆ ಹತ್ತು ನಿಮಿಷ ತಿರುಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಕೆಲಸವಿಲ್ಲ. ಸಾಮಾನ್ಯವಾಗಿ ಫೋನ್ ತೆಗೆಯುತ್ತೇನೆ. ಬದಲಿಗೆ ಏನು ಮಾಡಬಹುದು? ಮನಸ್ಸು ಖಾಲಿ ಮಾಡಬೇಕಾ, ಯಾವುದಾದರೂ ವಿಷಯ ಹಿಡಿದು ಯೋಚಿಸಬೇಕಾ? ಇದೆಲ್ಲ ಮಾಡಿ ನಿಜವಾಗಿ ಏನಾದರೂ ಬದಲಾಗಿದೆ ಅಂತ ಗೊತ್ತಾಗುವುದು ಹೇಗೆ? ಮಾಡಿ ನೋಡಿದವರು ಹೇಳಿ. ಪುಸ್ತಕದ ಮಾತು ಸಾಕಷ್ಟು ಕೇಳಿದ್ದೇನೆ.

ಹತ್ತುನಿಮಿಷ:

ಸಿಂಪಲ್ ಸರ್. ಹತ್ತು ನಿಮಿಷ ಸಿಗುತ್ತದಲ್ಲ, ಉಸಿರು ನೋಡಿ. ಒಳಗೆ ಹೋಗುವುದು, ಹೊರಗೆ ಬರುವುದು, ಅಷ್ಟೇ. ಯೋಚನೆ ಬಂದರೆ ಬರಲಿ, ಮತ್ತೆ ಉಸಿರಿಗೆ ಬನ್ನಿ. ನೋಟ್‌ಬುಕ್ ಮುಚ್ಚಿಡಿ. ನನಗೆ ಇಷ್ಟೇ ಸಾಕಾಗಿದೆ.

ಕೆಂಪುಶಾಯಿ:

ಹತ್ತುನಿಮಿಷ ಅವರು ಹೇಳಿದ್ದು ತಪ್ಪಲ್ಲ. ಆದರೆ ಅದು ಬೇರೆ ಕೆಲಸ. ಉಸಿರು ನೋಡಿದರೆ ಮನಸ್ಸು ತಣ್ಣಗಾಗುತ್ತದೆ. ಮನನ ಅಂದರೆ ಒಂದು ವಿಷಯವನ್ನು ಎತ್ತಿಕೊಂಡು ಅದರ ಜೊತೆ ಸ್ವಲ್ಪ ಹೊತ್ತು ಇರುವುದು. ಮೊದಲನೆಯದು ಎರಡನೆಯದಕ್ಕೆ ಸಹಾಯ ಮಾಡುತ್ತದೆ, ನಿಜ. ಆದರೆ ನೀವು ಕೇಳಿದ್ದು ಎರಡನೆಯದು ಅಂತ ನನಗೆ ಅನಿಸಿತು.

ನಾನು ಹೈಸ್ಕೂಲ್ ಟೀಚರ್. ನನಗೆ ಸೆಂಟ್ರಿಫ್ಯೂಜ್ ಇಲ್ಲ, ಉತ್ತರ ಪತ್ರಿಕೆಗಳ ಕಟ್ಟು ಇದೆ. ಇದರ ಬಗ್ಗೆ ನಾನು ಕಲಿತದ್ದೆಲ್ಲ ಅಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪತ್ರಿಕೆ ತಿದ್ದುವಾಗ ಒಂದು ಹೊತ್ತಿಗೆ ನನಗೆ ಸಿಟ್ಟು ಬರುತ್ತಿತ್ತು. ಅಕ್ಷರ ಗಲೀಜು ಅಂತ ಸಿಟ್ಟು, ಪ್ರಶ್ನೆಯ ನಂಬರ್ ಹಾಕಿಲ್ಲ ಅಂತ ಸಿಟ್ಟು. ನಾನು ಬೇಗ ಸಿಡುಕುವವಳು ಅಂತ ಅದಕ್ಕೊಂದು ಹೆಸರಿಟ್ಟು ಸುಮ್ಮನಿದ್ದೆ. ಆಮೇಲೆ ಒಂದು ಸಣ್ಣ ಪದ್ಧತಿ ಇಟ್ಟುಕೊಂಡೆ. ಒಂದು ಪತ್ರಿಕೆ ಮುಗಿದು ಪೆನ್ನಿನ ಕ್ಯಾಪ್ ಹಾಕುವಾಗ ಒಂದೇ ಪ್ರಶ್ನೆ: ಈಗ ಒಳಗೆ ಏನು ನಡೆಯುತ್ತಿದೆ? ಉತ್ತರ ಹುಡುಕಿಕೊಂಡು ಹೋಗುವುದಿಲ್ಲ. ಕೇಳಿ, ಎರಡು ಉಸಿರು ಕಾದು, ಮುಂದಿನ ಪತ್ರಿಕೆ. ಮೊದಮೊದಲು 'ಕುತ್ತಿಗೆ ನೋವು', 'ಬಾಯಾರಿಕೆ' ಇಂಥವೇ ಬರುತ್ತಿದ್ದವು. ಬರಲಿ ಬಿಡಿ, ಅವೂ ನಿಜವೇ ತಾನೇ.

ಹೋಗ್ತಾ ಹೋಗ್ತಾ ಒಂದು ಗಮನಕ್ಕೆ ಬಂತು. ಗಲೀಜು ಅಕ್ಷರದಲ್ಲಿ ಸರಿ ಉತ್ತರ ಇದ್ದರೆ ನನಗೆ ಸಿಟ್ಟೇ ಬರುತ್ತಿರಲಿಲ್ಲ. ಚೆಂದದ ಅಕ್ಷರದಲ್ಲಿ ತಪ್ಪು ಉತ್ತರ ಇದ್ದರೆ ಬರುತ್ತಿತ್ತು. ಅದೂ ಎಲ್ಲಾ ತಪ್ಪಿಗೂ ಅಲ್ಲ. ನಾನು ತುಂಬಾ ಕಷ್ಟಪಟ್ಟು ಹೇಳಿಕೊಟ್ಟ ಪಾಠದಲ್ಲಿ ತಪ್ಪು ಮಾಡಿದ್ದರೆ ಮಾತ್ರ. ಅಂದರೆ ಮಗುವಿನ ತಪ್ಪು ನನಗೆ ನನ್ನ ಪಾಠದ ಮೇಲಿನ ಟೀಕೆ ಅನಿಸುತ್ತಿತ್ತು. ಸಿಡುಕು ಅಂತ ನಾನು ಕರೆಯುತ್ತಿದ್ದದ್ದು ಅಸಲಿಗೆ ಹೊಗಳಿಕೆಯ ಹಸಿವು. ಇದು ಗೊತ್ತಾಗುವ ಹೊತ್ತಿಗೆ ಒಂದು ಶಾಲಾ ವರ್ಷವೇ ಕಳೆದಿತ್ತು. ಗೊತ್ತಾದದ್ದು ಪೆನ್ನು ಕೈಯಲ್ಲಿದ್ದಾಗ, ಎದುರಿಗೆ ಆ ಪತ್ರಿಕೆ ಇದ್ದಾಗ. ರಾತ್ರಿ ಹಾಸಿಗೆಯಲ್ಲಿ ಕೂತು ಎಷ್ಟು ಯೋಚಿಸಿದರೂ ಅದು ಸಿಗುತ್ತಿರಲಿಲ್ಲ. ರಾತ್ರಿ ಹೊತ್ತಿಗೆ ನಮ್ಮ ಹತ್ತಿರ ಉಳಿದಿರುವುದು ಘಟನೆಯ ಕಥೆ ಮಾತ್ರ. ಆ ಕಥೆಯನ್ನು ಆಗಲೇ ನಮಗೆ ಬೇಕಾದ ಹಾಗೆ ತಿದ್ದಿಟ್ಟಿರುತ್ತೇವೆ.

ಹಾಗಾಗಿ ನನ್ನ ಸಲಹೆ ಇಷ್ಟು. ನೋಡುವುದು ಹಗಲಲ್ಲಿ, ನಡೆಯುತ್ತಿರುವಾಗಲೇ, ಚೂರು ಚೂರು. ರಾತ್ರಿ ಬರೀ ಅದನ್ನು ಒಂದು ಕಡೆ ಬರೆದಿಡುವುದು.

ನಿಮ್ಮ ಕೋರ್ಟಿನ ವಿಷಯಕ್ಕೆ ಬರುತ್ತೇನೆ. ಇದು ಹೊಸ ಕಾಯಿಲೆ ಏನಲ್ಲ. ಮೊದಲನೇ ಶತಮಾನದ ರೋಮ್‌ನಲ್ಲಿ ಸೆನೆಕಾ ಅನ್ನುವವನು ದಿನಾ ರಾತ್ರಿ ಇದನ್ನೇ ಮಾಡುತ್ತಿದ್ದ. ದೀಪ ತೆಗೆದ ಮೇಲೆ, ಅವನ ಅಭ್ಯಾಸ ಗೊತ್ತಿದ್ದ ಹೆಂಡತಿ ಸುಮ್ಮನಾದ ಮೇಲೆ, ಇಡೀ ದಿನವನ್ನು ತನ್ನ ಮುಂದೆ ತಾನೇ ವಿಚಾರಣೆಗೆ ತಂದುಕೊಳ್ಳುತ್ತಿದ್ದನಂತೆ. ಅವನೂ ಕೋರ್ಟಿನ ಮಾತನ್ನೇ ಬಳಸಿದ್ದಾನೆ ನೋಡಿ. ಆದರೆ ಅವನ ತೀರ್ಪು ಬೇರೆ. ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ ಅಂತ ತನಗೆ ತಾನೇ ಹೇಳಿಕೊಂಡು ಕೇಸು ಮುಗಿಸುತ್ತಿದ್ದ. ನಿಮ್ಮ ಜಡ್ಜು ಕೇಸು ಮುಗಿಸುತ್ತಿಲ್ಲ, ಮುಂದೂಡುತ್ತಿದ್ದಾನೆ. ನಿದ್ದೆ ಬರುವುದಾದರೂ ಎಲ್ಲಿಂದ?

ಹದಿನಾರನೇ ಶತಮಾನದಲ್ಲಿ ಲೊಯೋಲಾದ ಇಗ್ನೇಷಿಯಸ್ ಕಲಿಸಿದ ದಿನದ ಪರಿಶೀಲನೆಯೂ ಹೀಗೆಯೇ ಇದೆ. ಕ್ರೈಸ್ತರಲ್ಲಿ ಅನೇಕರು ಇವತ್ತಿಗೂ ಮಾಡುತ್ತಾರೆ. ಅದರಲ್ಲಿ ಐದು ಹಂತ. ಮೊದಲ ಹಂತದಲ್ಲಿ ತಪ್ಪು ಹುಡುಕುವುದಿಲ್ಲ. ಇವತ್ತು ಸಿಕ್ಕಿದ್ದಕ್ಕೆಲ್ಲ ದೇವರಿಗೆ ಧನ್ಯವಾದ ಹೇಳುವುದು. ಎರಡನೆಯದು, ಸರಿಯಾಗಿ ಕಾಣಲಿ ಅಂತ ಬೇಡಿಕೊಳ್ಳುವುದು. ಆಮೇಲೆ ದಿನವನ್ನು ನೋಡುವುದು. ಕ್ಷಮೆ ಕೇಳುವುದು, ನಾಳೆಯ ನಿರ್ಧಾರ ಕೊನೆಗೆ. ನಾನು ಆ ಧರ್ಮದವಳಲ್ಲ. ಆದರೆ ಈ ಕ್ರಮ ಮಾತ್ರ ನನಗೆ ತುಂಬಾ ಹಿಡಿಸಿತು. ಮೊದಲು ಕೃತಜ್ಞತೆ ಬಂದರೆ ಆಮೇಲೆ ತಪ್ಪು ನೋಡುವಾಗ ಕಣ್ಣು ಅಷ್ಟು ಕ್ರೂರವಾಗಿರುವುದಿಲ್ಲ.

ನೋಟ್‌ಬುಕ್ ಬಿಡಬೇಡಿ. ಆದರೆ ಎರಡು ನಿಯಮ ಹಾಕಿಕೊಳ್ಳಿ. 'ಯಾಕೆ' ಅನ್ನುವ ಪ್ರಶ್ನೆ ಬರೆಯಬೇಡಿ. ಅದಕ್ಕೆ ಬರುವ ಉತ್ತರ ಒಂದೋ ನೆಪ, ಇಲ್ಲವೋ ಬೈಗುಳ. 'ಏನಾಯಿತು, ಆಗ ಒಳಗೆ ಏನಿತ್ತು' ಅಂತ ಬರೆಯಿರಿ. ಇನ್ನೊಂದು, ನಿಮ್ಮ ಬಗ್ಗೆ ನೀವೇ ವಿಶೇಷಣ ಬಳಸಬೇಡಿ. ನಾನು ಒರಟ, ನಾನು ಸ್ವಾರ್ಥಿ, ಇವೆಲ್ಲ ಬೇಡ. 'ಹುಡುಗ ಎರಡನೇ ಸಲ ಅದೇ ಪ್ರಶ್ನೆ ಕೇಳಿದ, ನನ್ನ ದನಿ ಏರಿತು, ಹೊಟ್ಟೆ ಬಿಗಿಯಾಗಿತ್ತು, ಆರು ಟ್ಯೂಬು ಬಾಕಿ ಇತ್ತು.' ಸಾಕು. ಇದರಲ್ಲಿ ನಿಮ್ಮನ್ನು ನೀವು ನೋಡಬಹುದು. ಒರಟ ಅಂತ ಬರೆದರೆ ನೋಡಲು ಏನೂ ಉಳಿಯುವುದಿಲ್ಲ.

ಆ ಹತ್ತು ನಿಮಿಷದ ಬಗ್ಗೆ ಒಂದು ಎಚ್ಚರ. ಲೇಬಲ್ ನೋಡುವಾಗ ದಯವಿಟ್ಟು ಮನನ ಮಾಡಬೇಡಿ! ಆಗ ಲೇಬಲ್ ನೋಡುವುದೇ ಸಾಧನೆ. ಆ ಟ್ಯೂಬಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಹೆಸರು, ನಂಬರ್ ಪೂರ್ತಿ ಗಮನದಿಂದ ಓದಿದರೆ ಅದಕ್ಕಿಂತ ದೊಡ್ಡ ಧ್ಯಾನ ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಹನ್ನೆರಡನೇ ಶತಮಾನದ ಶರಣರ ಹೆಸರುಗಳನ್ನೇ ನೋಡಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಬುಟ್ಟಿ ಹೆಣೆಯುವುದು ಅವರ ಹೆಸರಿನಲ್ಲೇ ಇದೆ. ಅನುಭಾವಕ್ಕೆ ಅಂತ ಅವರು ಕೆಲಸ ಬಿಟ್ಟು ಬರಲಿಲ್ಲ. ಮೆಷಿನ್ ತಿರುಗಲು ಶುರುವಾದ ಮೇಲೆ, ಕೈ ಖಾಲಿಯಾದ ಮೇಲೆ, ನಿಮ್ಮ ಪ್ರಶ್ನೆ ಕೇಳಿಕೊಳ್ಳಿ. ಒಂದೇ ಪ್ರಶ್ನೆ. ಹತ್ತು ನಿಮಿಷವನ್ನೂ ತುಂಬಿಸಬೇಕಾಗಿಲ್ಲ. ಉಳಿದ ಹೊತ್ತು ಸುಮ್ನೆ ಕೂರಿ. ಫೋನ್ ನೋಡಿದರೂ ಪಾಪ ಬರುವುದಿಲ್ಲ.

ಬದಲಾವಣೆ ಗೊತ್ತಾಗುವುದು ಹೇಗೆ ಅಂತ ಕೇಳಿದಿರಿ. ನನಗೆ ಗೊತ್ತಿರುವ ಗುರುತು ಒಂದೇ. ಸಿಟ್ಟು ಬಂದದ್ದು ಮೊದಲು ಸಂಜೆ ಗೊತ್ತಾಗುತ್ತಿತ್ತು. ಆಮೇಲೆ ಕೂಗಿದ ತಕ್ಷಣ ಗೊತ್ತಾಗತೊಡಗಿತು. ಈಗ ಕೆಲವು ಸಲ ಬಾಯಿ ತೆರೆಯುವ ಮುಂಚೆ ಗೊತ್ತಾಗುತ್ತದೆ. ಕೆಲವು ಸಲ ಮಾತ್ರ.

ಅನುಮಾನಸ್ಥ:

ನಾನು ದೇವರು, ಆತ್ಮ ಯಾವುದನ್ನೂ ನಂಬುವವನಲ್ಲ. ಆದರೂ ದಿನಾ ಸ್ವಲ್ಪ ಹೊತ್ತು ನನ್ನನ್ನು ನಾನು ನೋಡಿಕೊಳ್ಳುತ್ತೇನೆ. ಕೆಂಪುಶಾಯಿ ಮೇಡಂ ಹೇಳಿದ್ದಕ್ಕೆ ಸಂಶೋಧನೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಒಂದೇ ಮನುಷ್ಯ ತನ್ನ ಬಗ್ಗೆ ಎರಡು ರೀತಿ ಯೋಚಿಸಬಹುದು. ಪಾಲ್ ಟ್ರ್ಯಾಪ್‌ನೆಲ್ ಮತ್ತು ಜೆನಿಫರ್ ಕ್ಯಾಂಪ್‌ಬೆಲ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನು ಬೇರೆ ಬೇರೆಯಾಗಿ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಒಂದು, ಭಯ, ನಷ್ಟ, ಅನ್ಯಾಯದ ಭಾವನೆಯಿಂದ ಹುಟ್ಟುವ ಮೆಲುಕು. ಇನ್ನೊಂದು, ಕುತೂಹಲದಿಂದ ಹುಟ್ಟುವ ಅವಲೋಕನ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ನೋಟ್‌ಬುಕ್ ಹಿಡಿದು ಕೂತ ಒಬ್ಬ ಮನುಷ್ಯ. ಒಳಗೆ ಮಾತ್ರ ಬೇರೆ. ರಾತ್ರಿಪಾಳಿ ಅವರದ್ದು ಮೊದಲನೆಯ ಥರ. ಟೀಚರ್ ಪತ್ರಿಕೆ ತಿದ್ದುತ್ತಾ ಮಾಡಿದ್ದು ಎರಡನೆಯದು. 'ಅರೆ, ಇದೇನಿದು' ಅನ್ನುವ ಧಾಟಿ ಇದ್ದರೆ ಮುಂದುವರಿಸಿ. 'ಛೇ, ಮತ್ತೆ ಇದೇನಾ' ಅನ್ನುವ ಧಾಟಿ ಬಂದರೆ ಎದ್ದು ಮುಖ ತೊಳೆದುಕೊಂಡು ಮಲಗಿ. ನಾನು ಹಾಗೇ ಮಾಡುವುದು.

ಸುಮ್ಮನೆ ಕೂರುವುದು ಕಷ್ಟ ಆದರೆ ನಿಮ್ಮಲ್ಲೇ ಏನೋ ದೋಷ ಅಂದುಕೊಳ್ಳಬೇಡಿ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬರೇ ಕೂರಿಸಿದರು. ಬೇಕಿದ್ದರೆ ಒಂದು ಗುಂಡಿ ಒತ್ತಿ ತಮಗೆ ತಾವೇ ಸಣ್ಣ ಕರೆಂಟ್ ಶಾಕ್ ಕೊಟ್ಟುಕೊಳ್ಳಬಹುದು. ಈ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಅಂತ ಮೊದಲೇ ಹೇಳಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಗುಂಡಿ ಒತ್ತಿದರು. ಒಬ್ಬ ಮಹಾನುಭಾವ 190 ಸಲ ಒತ್ತಿದ್ದರಿಂದ ಅವನನ್ನು ಲೆಕ್ಕದಿಂದಲೇ ಬಿಟ್ಟರಂತೆ. ನಾವು ಫೋನ್ ಒತ್ತುತ್ತೇವೆ, ಅಷ್ಟೇ.

ಇನ್ನೊಂದು ಉಪಾಯ. ಬರೆಯುವಾಗ 'ನಾನು' ಬಿಟ್ಟು ನಿಮ್ಮ ಹೆಸರು ಹಾಕಿ ಬರೆಯಿರಿ. ಬೇರೆ ಯಾರದೋ ದಿನದ ಬಗ್ಗೆ ಬರೆಯುವ ಹಾಗೆ. ಈಥನ್ ಕ್ರಾಸ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿದ್ದಾರೆ. ಹೆಸರಿನಿಂದ ತಮ್ಮನ್ನು ಕರೆದುಕೊಂಡವರಿಗೆ ಒತ್ತಡದ ಹೊತ್ತಿನಲ್ಲಿ ತಳಮಳ ಕಡಿಮೆ ಇತ್ತು. ಕೇಳಲು ಹುಚ್ಚಾಟ ಅನಿಸುತ್ತದೆ. ಮೊದಲ ದಿನ ನನಗೆ ನಗು ಬಂತು.

ಕೊನೆಯದಾಗಿ, ಇದನ್ನು ಹೇಳದೆ ಹೋಗಲಾರೆ. ನಿದ್ದೆ ಇಲ್ಲ, ತಾನು ಸರಿಯಿಲ್ಲ ಅನ್ನುವ ಯೋಚನೆ ಹಗಲೂ ಬಿಡುತ್ತಿಲ್ಲ, ಊಟ ರುಚಿಸುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ, ಇಂಥದ್ದೇನಾದರೂ ಇದ್ದರೆ ಮನನ ಪಕ್ಕಕ್ಕಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ. ಪಾಳಿ ಕೆಲಸದಿಂದಲೇ ನಿದ್ದೆ ಕೆಟ್ಟಿರಬಹುದು. ಎಲ್ಲದಕ್ಕೂ ಒಳಗೇ ಕಾರಣ ಹುಡುಕಬೇಕಾಗಿಲ್ಲ.

ಜಿಜ್ಞಾಸು:

ಎಲ್ಲರ ಮಾತೂ ಓದಿದೆ. ಒಳ್ಳೆಯ ಮಾತುಗಳೇ. ಆದರೆ ನನಗೆ ಒಂದು ತಕರಾರು ಇದೆ.

ಸಿಟ್ಟು ಯಾವಾಗ ಬಂತು, ಹೊಟ್ಟೆ ಬಿಗಿಯಾಯಿತಾ, ಇದೆಲ್ಲ ಮನಸ್ಸಿನ ಲೆಕ್ಕಪತ್ರ. ಆಧ್ಯಾತ್ಮ ಅಂದರೆ ಇಷ್ಟೇನಾ? ರಾತ್ರಿಪಾಳಿ ಅವರು ದೇವರ ಮಾತೂ ಆಡಿದ್ದರು. ಅದನ್ನು ಯಾರೂ ಎತ್ತಿಕೊಂಡಿಲ್ಲ.

ನಮ್ಮ ಪರಂಪರೆಯಲ್ಲಿ ಮನನ ಎರಡನೇ ಮೆಟ್ಟಿಲು. ಮೊದಲು ಶ್ರವಣ. ಗೊತ್ತಿರುವವರಿಂದ ಕೇಳಬೇಕು. ಕೇಳಿದ್ದನ್ನು ಅನುಮಾನ ಹೋಗುವ ತನಕ ಯೋಚಿಸುವುದು ಮನನ. ಅದರಲ್ಲೇ ನೆಲೆ ನಿಲ್ಲುವುದು ನಿದಿಧ್ಯಾಸನ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುವುದು ಇದನ್ನೇ. ಇಲ್ಲಿ ಕೇಳುವುದೇ ಇಲ್ಲ. ನಾನೇ ನೋಡುತ್ತೇನೆ, ನಾನೇ ಬರೆಯುತ್ತೇನೆ, ನಾನೇ ಬದಲಾಗುತ್ತೇನೆ. ಹೀಗಾದರೆ 'ನಾನು' ಇನ್ನೂ ದಪ್ಪವಾಗುತ್ತದೆ ಅಂತ ನನ್ನ ಭಯ. ಒಂದು ಒಳ್ಳೆಯ ಮಾತನ್ನು ಬೆಳಗ್ಗೆ ಓದಿ, ಅದನ್ನು ಇಡೀ ದಿನ ಜೊತೆಗಿಟ್ಟುಕೊಳ್ಳುವುದು ನಾನು ಮಾಡುವ ಕ್ರಮ. ಮೆಷಿನ್ ತಿರುಗುವಾಗ ಆ ಮಾತನ್ನು ನೆನೆಯಿರಿ. ನಿಮ್ಮ ಮೂಡ್ ಹೇಗಿದೆ ಅನ್ನುವುದನ್ನಲ್ಲ.

ಕೆಂಪುಶಾಯಿ:

ಜಿಜ್ಞಾಸು ಅವರೇ, 'ನಾನು ದಪ್ಪವಾಗುತ್ತದೆ' ಅನ್ನುವ ಭಯ ನಿಜವಾದದ್ದು. ಒಪ್ಪಿದೆ. ತನ್ನನ್ನು ನೋಡಿಕೊಳ್ಳುವುದೇ ಒಂದು ಚಟವಾದವರನ್ನು ನಾನೂ ಕಂಡಿದ್ದೇನೆ. ಅವರ ಜೊತೆ ಐದು ನಿಮಿಷ ಮಾತಾಡಿದರೆ ಸಾಕು, ಸುಸ್ತು.

ಆದರೆ ನೀವು ಹೇಳಿದ ಕಥೆಯನ್ನೇ ಇನ್ನೊಮ್ಮೆ ನೋಡಿ. ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಟಿದ್ದಾನೆ. ಇಬ್ಬರು ಹೆಂಡತಿಯರಿಗೆ ಆಸ್ತಿ ಪಾಲು ಮಾಡಿಕೊಡುತ್ತೇನೆ ಅನ್ನುತ್ತಾನೆ. ಆಗ ಮೈತ್ರೇಯಿ ಕೇಳುತ್ತಾಳೆ, ಭೂಮಿ ತುಂಬಾ ಸಂಪತ್ತು ಕೊಟ್ಟರೂ ನನಗೆ ಸಾವಿಲ್ಲದ ಸ್ಥಿತಿ ಸಿಗುತ್ತದಾ ಅಂತ. ಇಷ್ಟು ದೊಡ್ಡ ಮಾತುಕತೆ ಶುರುವಾದದ್ದು ಗಂಡ ಹೆಂಡತಿಯ ನಡುವೆ, ಪಾಲಿನ ವಿಷಯದಲ್ಲಿ. ಅವಳು ಆ ಕ್ಷಣದಲ್ಲಿ ತನಗೆ ನಿಜವಾಗಿ ಏನು ಬೇಕು ಅಂತ ನೋಡಿಕೊಳ್ಳದೇ ಇದ್ದಿದ್ದರೆ ಶ್ರವಣಕ್ಕೆ ದಾರಿಯೇ ಇರುತ್ತಿರಲಿಲ್ಲ, ಅಲ್ವಾ? ಮೊದಲು ಸಣ್ಣ ನಾನು ಕಾಣಲಿ. ದೊಡ್ಡದರ ಮಾತು ಆಮೇಲೆ.

ಜಿಜ್ಞಾಸು:

ಚೆನ್ನಾಗಿ ಹೇಳಿದಿರಿ, ಆದರೆ ಅವಳ ಎದುರಿಗೆ ಯಾಜ್ಞವಲ್ಕ್ಯ ಇದ್ದ. ನಮ್ಮ ಎದುರಿಗೆ ನೋಟ್‌ಬುಕ್ ಮಾತ್ರ. ನನ್ನ ತಕರಾರು ಹಾಗೇ ಇದೆ.

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ಪಾಳಿ ಬದಲಾಗಿದ್ದರಿಂದ ಉತ್ತರಿಸಲು ತಡವಾಯಿತು. ಡಾಕ್ಟರ್ ಮಾತು ಗಮನದಲ್ಲಿಟ್ಟುಕೊಂಡಿದ್ದೇನೆ ಅನುಮಾನಸ್ಥ ಅವರೇ. ಅಂಥ ಸ್ಥಿತಿ ಇಲ್ಲ. ಹಗಲು ಚೆನ್ನಾಗಿಯೇ ಇದ್ದೇನೆ.

ಮೆಷಿನ್ ಹಾಕಿ ಒಂದೇ ಪ್ರಶ್ನೆ ಕೇಳಿಕೊಳ್ಳುವುದನ್ನು ಮಾಡಿ ನೋಡಿದೆ. ಹೆಚ್ಚಿನ ಸಲ ಏನೂ ಇಲ್ಲ. ಕಾಲು ನೋವು, ಮನೆಗೆ ಹೋಗಬೇಕು, ಅಷ್ಟೇ. ಆದರೆ ಒಂದು ವಿಚಿತ್ರ ಕಂಡಿತು. ಹೊಸ ಹುಡುಗನ ಮೇಲೆ ದನಿ ಏರುವುದು ಅವನು ಪ್ರಶ್ನೆ ಕೇಳಿದಾಗ ಅಲ್ಲ. ನಾನು ಹೇಳಿಕೊಡುತ್ತಿರುವಾಗ ಅವನು 'ಗೊತ್ತು ಗೊತ್ತು' ಅಂದಾಗ. ನನ್ನ ಅಣ್ಣ ಹಾಗೇ ಅನ್ನುತ್ತಿದ್ದ. ಚಿಕ್ಕಂದಿನಿಂದ ನನ್ನ ಮಾತು ಪೂರ್ತಿ ಆಗಲು ಬಿಟ್ಟವನೇ ಅಲ್ಲ.

ಅಣ್ಣನ ಜೊತೆ ಈಗ ಮಾತಿಲ್ಲ. ಮೈತ್ರೇಯಿ ಕಥೆ ಓದಿ ನಗು ಬಂತು. ನಮ್ಮಲ್ಲೂ ಪಾಲಿನ ವಿಷಯವೇ. ಈಗ ಪ್ರಶ್ನೆ ಏನೆಂದರೆ, ಈ ಎಳೆ ಸಿಕ್ಕ ಮೇಲೆ ಅಣ್ಣನ ಮೇಲಿನ ಸಿಟ್ಟು ಇನ್ನೂ ಜಾಸ್ತಿ ಆಗಿದೆ. ಹತ್ತು ನಿಮಿಷ ಪೂರ್ತಿ ಅವನ ಜೊತೆ ಮನಸ್ಸಿನಲ್ಲೇ ಜಗಳ. ಇದನ್ನು ಏನು ಮಾಡುವುದು? ಜಿಜ್ಞಾಸು ಅವರು ಹೇಳಿದ ಹಾಗೆ ಒಂದು ಒಳ್ಳೆಯ ಮಾತನ್ನು ನೆನೆಯಲು ಹೋದೆ. ಎರಡು ಸಾಲು ಆಗುವಷ್ಟರಲ್ಲಿ ಅಣ್ಣ ಹಾಜರು.

ಕೆಂಪುಶಾಯಿ:

'ಗೊತ್ತು ಗೊತ್ತು' ಕಂಡುಹಿಡಿದಿರಲ್ಲ, ಅದು ದೊಡ್ಡ ವಿಷಯ. ಆ ಹುಡುಗನಿಗೆ ತನ್ನದಲ್ಲದ ಬೈಗುಳ ಇನ್ನು ಮೇಲೆ ಸ್ವಲ್ಪ ಕಡಿಮೆ ಬೀಳಬಹುದು.

ಅಣ್ಣನ ವಿಷಯಕ್ಕೆ ಪ್ರತಿಪಕ್ಷ ಭಾವನೆ ಅಂತ ಒಂದು ಉಪಾಯವನ್ನು ಪತಂಜಲಿ ಹೇಳಿದ್ದಾನೆ. ಕೆಟ್ಟ ಯೋಚನೆ ಕಾಡಿದಾಗ ಅದಕ್ಕೆ ಎದುರಾದದ್ದನ್ನು ಮನಸ್ಸಿಗೆ ತರುವುದು. ನನಗೆ ಇದು ನೇರವಾಗಿ ಯಾವತ್ತೂ ಕೈ ಹತ್ತಿಲ್ಲ. ಸಿಟ್ಟಿನ ಹೊತ್ತಿನಲ್ಲಿ ಪ್ರೀತಿ ತಂದುಕೋ ಅಂದರೆ ಬರುವುದು ನಾಟಕ. ಕೈ ಹತ್ತಿದ್ದು ಜಪಾನಿನ ನೈಕಾನ್ ಅನ್ನುವ ಕ್ರಮ. ಯೋಶಿಮೊಟೊ ಇಶಿನ್ (1916–1988) ಅನ್ನುವವರು ರೂಪಿಸಿದ್ದು. ಪೂರ್ತಿ ಮಾಡುವವರು ಒಂದು ವಾರ ಹೋಗಿ ಕೂರುತ್ತಾರೆ. ಅಷ್ಟೆಲ್ಲ ಬೇಕಾಗಿಲ್ಲ. ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು ಮೂರು ಪ್ರಶ್ನೆ ಕೇಳಿಕೊಳ್ಳುವುದು. ಅವರಿಂದ ನನಗೆ ಏನು ಸಿಕ್ಕಿತು? ಅವರಿಗೆ ನಾನು ಏನು ಕೊಟ್ಟೆ? ಅವರಿಗೆ ನನ್ನಿಂದ ಏನು ತೊಂದರೆ ಆಯಿತು?

ಅವರಿಂದ ನನಗೆ ಏನು ತೊಂದರೆ ಆಯಿತು ಅನ್ನುವ ನಾಲ್ಕನೇ ಪ್ರಶ್ನೆ ಇಲ್ಲ. ಬೇಕಂತಲೇ ಬಿಟ್ಟಿದ್ದಾರೆ. ಅದನ್ನು ಕೇಳಿಕೊಳ್ಳಲು ಯಾರೂ ಹೇಳಿಕೊಡಬೇಕಾಗಿಲ್ಲ, ನಾವು ಅದರಲ್ಲಿ ಮೊದಲೇ ಪಂಡಿತರು.

ಉತ್ತರಗಳು ಸಣ್ಣವಾಗಿ, ಗಟ್ಟಿಯಾಗಿ ಇರಬೇಕು. 'ಅಣ್ಣ ನನ್ನನ್ನು ನೋಡಿಕೊಂಡ' ಬೇಡ. ಸೈಕಲ್ ಹಿಡಿದು ಹಿಂದೆ ಓಡಿದ, ಪರೀಕ್ಷೆಯ ದಿನ ತನ್ನ ವಾಚು ಕೊಟ್ಟ, ಈ ಥರ. ಹಳೆಯದರಿಂದ ಶುರು ಮಾಡಿ. ಪಾಲಿನ ವರ್ಷಕ್ಕೆ ಕೊನೆಗೆ ಬನ್ನಿ, ಅಥವಾ ಬರಲೇ ಬೇಡಿ. ನಾನು ಇದನ್ನು ನನ್ನ ಅತ್ತೆಯ ವಿಷಯದಲ್ಲಿ ಮಾಡಿದೆ. ಅವರು ಒಳ್ಳೆಯವರಾಗಿ ಕಾಣಲಿಲ್ಲ. ಆದರೆ ನನ್ನ ಪಟ್ಟಿಯಲ್ಲಿ ಮೂರನೇ ಪ್ರಶ್ನೆಗೆ ಉತ್ತರ ಇಷ್ಟೊಂದು ಇರುತ್ತದೆ ಅಂತ ಅಂದುಕೊಂಡಿರಲಿಲ್ಲ. ಆಮೇಲೆ ಮನಸ್ಸಿನ ಜಗಳದಲ್ಲಿ ಅವರಿಗೂ ಮಾತಾಡಲು ಅವಕಾಶ ಸಿಕ್ಕಿತು. ಮೊದಲು ನಾನೊಬ್ಬಳೇ ಮಾತಾಡುತ್ತಿದ್ದೆ.

ಒಂದು ಎಚ್ಚರ. ಹೊಡೆದವರು, ಹಿಂಸೆ ಕೊಟ್ಟವರು, ಇನ್ನೂ ಕೊಡುತ್ತಿರುವವರ ವಿಷಯದಲ್ಲಿ ಈ ಮೂರು ಪ್ರಶ್ನೆ ಬೇಡ. ಅಲ್ಲಿ ತಪ್ಪು ತನ್ನದೇ ಅಂತ ಮೊದಲೇ ನಂಬಿಸಿರುತ್ತಾರೆ. ಇದು ಅದಕ್ಕೆ ಇನ್ನೊಂದು ಸಾಕ್ಷಿ ಆಗಿಬಿಡುತ್ತದೆ. ನಿಮ್ಮ ಅಣ್ಣನ ವಿಷಯ ಅಂಥದ್ದಲ್ಲ ಅಂತ ನಾನು ಅಂದುಕೊಂಡಿದ್ದೇನೆ. ಅಂಥದ್ದಾದರೆ ಬಿಟ್ಟುಬಿಡಿ.

ಮತ್ತೆ, ಇದರಿಂದ ಪಾಲಿನ ವ್ಯವಹಾರ ಬಿಟ್ಟುಕೊಡಬೇಕು ಅಂತ ಏನಿಲ್ಲ. ನ್ಯಾಯವಾಗಿ ನಿಮ್ಮದಾದದ್ದನ್ನು ಕೇಳಿ. ಸಿಟ್ಟಿಲ್ಲದೆಯೂ ಕೇಳಬಹುದು.

ಅನುಮಾನಸ್ಥ:

ನೈಕಾನ್ ಬಗ್ಗೆ ನನಗೆ ಅರ್ಧ ಒಪ್ಪಿಗೆ. ಮೂರನೇ ಪ್ರಶ್ನೆ ರಾತ್ರಿಪಾಳಿ ಅವರ ಜಡ್ಜಿಗೆ ಹೊಸ ಫೈಲ್ ಕೊಟ್ಟ ಹಾಗೆ ಆಗಬಾರದು. ಮೊದಲ ವಾರ ಮೊದಲನೇ ಪ್ರಶ್ನೆ ಒಂದೇ ಮಾಡಿ. ಮತ್ತೆ, ಹಗಲಲ್ಲಿ ಮಾಡಿ. ಮಲಗುವ ಮುಂಚೆ ಬೇಡ.

ಕೆಂಪುಶಾಯಿ:

ಸರಿಯಾದ ಮಾತು. ಹಾಗೇ ಮಾಡಿ.

ರಾತ್ರಿಪಾಳಿ:

ವಾಚಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು ಟೀಚರ್? ನಮ್ಮ ಅಣ್ಣ ಕೊಟ್ಟದ್ದು ವಾಚಲ್ಲ, ಚಪ್ಪಲಿ. ನನ್ನದು ಕಿತ್ತುಹೋಗಿತ್ತು. ಅವನು ಬರಿಗಾಲಲ್ಲಿ ವಾಪಸ್ ಹೋದ. ನಿಮ್ಮ ಉತ್ತರ ಓದುತ್ತಿದ್ದಾಗ ನೆನಪಾಯಿತು. ಇಷ್ಟು ವರ್ಷ ನೆನಪೇ ಇರಲಿಲ್ಲ. ಸಿಟ್ಟು ಹೋಗಿಲ್ಲ, ಅದೂ ಇದೆ.

ಮೊದಲನೇ ಪ್ರಶ್ನೆ ಮಾತ್ರ, ಮೆಷಿನ್ ತಿರುಗುವಾಗ ಮಾತ್ರ. ರಾತ್ರಿ ಮೂರು ಸಾಲು, ಧನ್ಯವಾದದಿಂದ ಶುರು. ಬೆಳಗ್ಗೆ ಜಿಜ್ಞಾಸು ಅವರ ಹಾಗೆ ಒಂದು ಮಾತು ಓದುವುದನ್ನೂ ಬಿಡುವುದಿಲ್ಲ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಗುತ್ತದೆ. ಕೊನೆಗೆ ಒಂದು ಸಣ್ಣ ಪ್ರಶ್ನೆ. ಬರೆದದ್ದನ್ನು ಇಟ್ಟುಕೊಳ್ಳುತ್ತೀರಾ? ಮನೆಯಲ್ಲಿ ಯಾರಾದರೂ ಓದಿದರೆ ಅನ್ನುವ ಭಯದಿಂದ ನಾನು ಅಣ್ಣನ ಹೆಸರನ್ನೇ ಬರೆಯುತ್ತಿಲ್ಲ.

ಜಿಜ್ಞಾಸು:

ನಾನು ಬರೆಯುವುದೇ ಇಲ್ಲ.

ಕೆಂಪುಶಾಯಿ:

ನಾನು ತಿಂಗಳಿಗೊಮ್ಮೆ ಹರಿದು ಹಾಕುತ್ತೇನೆ. ಹರಿಯುವ ಮುಂಚೆ ಒಂದು ಸಲ ಓದುತ್ತೇನೆ. ಮತ್ತೆ ಮತ್ತೆ ಬಂದಿರುವ ವಿಷಯ ಯಾವುದು ಅಂತ ನೋಡಿ, ಅದೊಂದನ್ನು ಮುಂದಿನ ಪುಟಕ್ಕೆ ಬರೆದುಕೊಳ್ಳುತ್ತೇನೆ. ಉಳಿದದ್ದು ಬೇಡ. ಯಾರೋ ಓದುತ್ತಾರೆ ಅನ್ನುವ ಭಯ ಇದ್ದರೆ ಸುಳ್ಳು ಬರೆಯಲು ಶುರು ಮಾಡುತ್ತೇವೆ. ಆಗ ಬರೆದೂ ಪ್ರಯೋಜನವಿಲ್ಲ. ಅಣ್ಣನಿಗೆ ಒಂದು ಅಕ್ಷರ ಇಟ್ಟುಕೊಳ್ಳಿ, ಅಥವಾ ಅದೇ ದಿನ ಹರಿಯಿರಿ. ಫೋನಿನಲ್ಲಿ ಬೇಡ, ನಡುವೆ ಮೆಸೇಜ್ ಬರುತ್ತದೆ.